ಗೋಳಗುಮ್ಮಟದ ಆಚೆಗೆ

ಒಂದು ಊರಿನಲ್ಲಿ ಒಂದೇ ಒಂದು ಅದ್ಭುತ ಕಟ್ಟಡವಿದ್ದುಬಿಟ್ಟರೆ ಉಳಿದ ಊರಿಗೆ ಗ್ರಹಣ ಹಿಡಿದಂತೆಯೇ ಸರಿ. ಇಟಲಿಯ ಪೀಸಾ ನಗರಕ್ಕೆ ಹೋದವರು ವಾಲಿದ ಗೋಪುರದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರಂತೆ. ಅದು ಗೆಲಿಲಿಯೊ ಹುಟ್ಟಿದ ಊರು, 1343ರಷ್ಟು ಹಿಂದೆಯೇ ವಿಶ್ವವಿದ್ಯಾನಿಲಯವನ್ನು ಕಂಡ ಊರು ಎಂಬುದು ಅವರಿಗೆ ಬೇಕಾಗುವುದಿಲ್ಲ. ನಮ್ಮ ವಿಜಯಪುರದ ಪಾಡೂ ಅದೇ. ನಾನಿರುವ ಅಬ್ಬಿಗೆರೆಯಿಂದ ಅಲ್ಲಿಗೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ, “ಗೋಳಗುಮ್ಮಟದಲ್ಲಿ ಕೂಗಿದೆವು, ಕೂಗು ಏಳು ಸಲ ತಿರುಗಿ ಬಂತು” ಎನ್ನುತ್ತಾರೆ. ಅವರ ಪಾಲಿಗೆ ಊರು ಅಲ್ಲಿಗೆ ಮುಗಿಯಿತು.

ಗುಮ್ಮಟವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೊರ ಅಳತೆಯಲ್ಲಿ 144 ಅಡಿ ಅಡ್ಡಗಲದ ಅದನ್ನು ನಡುವೆ ಒಂದು ಕಂಬವೂ ಇಲ್ಲದೆ ನಿಲ್ಲಿಸಿದವರಿಗೆ ಕೈ ಮುಗಿಯಲೇಬೇಕು. ಆದರೆ ಅದು 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಹನ ಗೋರಿ. ಸತ್ತ ದೊರೆಯ ಮನೆಯನ್ನು ನೋಡಿ, ಬದುಕಿದ್ದ ಜನರ ಊರನ್ನು ನೋಡದೆ ಬಂದರೆ ಹೇಗೆ? ಮಳೆ ಕಡಿಮೆಯ ಈ ಬಯಲುಸೀಮೆಯಲ್ಲಿ ಅಷ್ಟು ದೊಡ್ಡ ರಾಜಧಾನಿ ಯಾವ ನೀರು ಕುಡಿದು ಬದುಕಿತು ಎಂದು ಕೇಳಿಕೊಂಡರೆ ಸಾಕು, ಬೇರೊಂದು ಊರು ಕಣ್ಣೆದುರು ತೆರೆಯುತ್ತದೆ.

ಪಶ್ಚಿಮದ ಮೆಕ್ಕಾ ಬಾಗಿಲ ಬಳಿ ತಾಜ್ ಬಾವಡಿ ಇದೆ. ದೊಡ್ಡ ಕಮಾನಿನ ಕೆಳಗೆ ಮೆಟ್ಟಿಲಿಳಿದರೆ, ಸುಮಾರು 223 ಅಡಿ ಚೌಕದ ಕೊಳ. 1620ರ ಈ ಬಾವಿಗೆ ಇಮ್ಮಡಿ ಇಬ್ರಾಹಿಮ್ ಆದಿಲ್‌ಶಹನ ರಾಣಿ ತಾಜ್ ಸುಲ್ತಾನಳ ಹೆಸರು. ಕಟ್ಟಿಸಿದವನು ಮಲಿಕ್ ಸಂದಲ್. ಹೂವಿನಂತೆ ನಯವಾದ ಇಬ್ರಾಹಿಮ್ ರೋಜಾವೂ ಇವನದೇ ಕೆಲಸ. ರೋಜಾವನ್ನು ಹೊಗಳುವವರು ಬಾವಿಯನ್ನು ಮರೆತರು. ಕಸ ಬಿದ್ದು, ಮೂರ್ತಿಗಳ ವಿಸರ್ಜನೆಯಿಂದ ಹೂಳು ತುಂಬಿ, ಬಹುಕಾಲ ಅದು ಹಾಳುಬಿದ್ದಿತ್ತು. ಕೆಲವು ವರ್ಷಗಳ ಹಿಂದಷ್ಟೇ ಹೂಳೆತ್ತಿಸಿದರು.

ನೀರಿನ ಇನ್ನೊಂದು ದಾರಿ ಇನ್ನೂ ವಿಸ್ಮಯಕರ. ಊರಿನ ಪಶ್ಚಿಮಕ್ಕೆ ಕೆಲವೇ ಮೈಲಿಯಾಚೆಯ ತೊರವೆಯಿಂದ ನೆಲದಡಿಯ ಸುರಂಗದಲ್ಲಿ ನಗರಕ್ಕೆ ನೀರು ಹರಿಯುತ್ತಿತ್ತು. ತೊರವೆ ಎಂದೊಡನೆ ಕನ್ನಡದ ಓದುಗರ ಕಿವಿ ನಿಮಿರಬೇಕು. ತೊರವೆ ರಾಮಾಯಣದ ಕರ್ತೃ, ಕುಮಾರವಾಲ್ಮೀಕಿ ಎಂದು ಹೆಸರಾದ ನರಹರಿ, ಆ ಊರಿನ ನರಸಿಂಹನನ್ನೇ ಅಂಕಿತವಾಗಿಟ್ಟುಕೊಂಡವನು. ಸಂಗೀತಪ್ರಿಯನಾದ ಇಮ್ಮಡಿ ಇಬ್ರಾಹಿಮ್ 1599ರಲ್ಲಿ ನವರಸಪುರವನ್ನು ಕಟ್ಟತೊಡಗಿದ್ದೂ ಅದರ ಬಳಿಯಲ್ಲೇ. ಸುಲ್ತಾನರ ನಗರಕ್ಕೆ ನೀರು ಬಂದದ್ದು ಎಲ್ಲಿಂದಲೋ, ಕನ್ನಡಿಗರಿಗೆ ರಾಮಕಥೆ ಬಂದದ್ದೂ ಅಲ್ಲಿಂದಲೇ.

ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರು ಅರೆಕಿಲ್ಲೆಯಲ್ಲಿರುವ ಕರೀಮುದ್ದೀನನ ಮಸೀದಿಗೆ ಹೋಗಬೇಕು. 1320ರ ಈ ಮಸೀದಿಯಲ್ಲಿ ನಿಂತಿರುವವು ಹಳೆಯ ದೇಗುಲಗಳ ಕಂಬಗಳು. ಕಟ್ಟಿದ ಕುಶಲಕರ್ಮಿ ಸಾಲೋಟಗಿಯ ರೇವೋಯನೆಂದು ಅಲ್ಲಿಯ ಶಾಸನ ಹೇಳುತ್ತದೆ. ಆ ಸಾಲೋಟಗಿಯಾದರೂ ಎಂಥದು! ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದಲ್ಲಿ, 945ರಷ್ಟು ಹಿಂದೆ, ನಾನಾ ದೇಶಗಳ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದ ವಿದ್ಯಾಶಾಲೆಯ ಊರು. ಒಂದು ಮಸೀದಿಯ ಗೋಡೆಯೊಳಗೆ ಒಡೆದದ್ದೂ ಉಂಟು, ಕೂಡಿದ್ದೂ ಉಂಟು. ಎರಡರಲ್ಲಿ ಒಂದನ್ನೇ ಓದುವುದು ಇತಿಹಾಸವಲ್ಲ.

1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದುಕೊಂಡ. ಊರಿನ ಕಥೆ ಅಲ್ಲಿಗೆ ಮುಗಿಯಿತೆಂದು ಪುಸ್ತಕಗಳು ಬರೆಯುತ್ತವೆ. ಕನ್ನಡದ ಅಧ್ಯಾಪಕನಾದ ನಾನು ಇದನ್ನು ಒಪ್ಪಲಾರೆ. ಇದೇ ಊರಿನಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಗಳನ್ನು ಕೂಡಿಸಿದರು; 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಇದ್ದ ಮನೆಯನ್ನು ಮಾರಿ, 1925ರಲ್ಲಿ ಮುದ್ರಣಾಲಯವನ್ನು ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಅವರು ತೀರಿಕೊಂಡಾಗ ಗುಮ್ಮಟವನ್ನೇನೂ ಕಟ್ಟಿಸಿರಲಿಲ್ಲ. ಆದರೆ ಇಂದು ನನ್ನ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ವಚನವನ್ನು ಓದಿದಾಗ, ಹನ್ನೆರಡನೆಯ ಶತಮಾನದ ಆ ಮಾತು ಅವನವರೆಗೆ ಬಂದದ್ದು ಬಹುಮಟ್ಟಿಗೆ ಈ ಊರಿನ ಮೂಲಕವೇ.

ವಿಜಯಪುರಕ್ಕೆ ಹೋಗುವವರು ಗುಮ್ಮಟದಲ್ಲಿ ಕೂಗಿ ಬರಲಿ, ಸಂತೋಷ. ಆದರೆ ಇನ್ನೊಂದು ದಿನ ಉಳಿದು, ಬಾವಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತು, ತೊರವೆಯನ್ನೂ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವನ್ನೂ ಕಂಡು ಬರಲಿ. ನಾವು ಕಾಣಹೋಗದ ಬಾವಿಗೆ ಮತ್ತೆ ಹೂಳು ತುಂಬುವುದು ತಡವಾಗುವುದಿಲ್ಲ.