ಸಾಂತಾ ಫೆ ನಗರ: ಇತಿಹಾಸಾಸಕ್ತ ಪ್ರವಾಸಿಗೆ ಒಂದು ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ನೈರುತ್ಯ ಭಾಗದಲ್ಲಿ, ಸಾಂಗ್ರೆ ದೆ ಕ್ರಿಸ್ತೊ ಪರ್ವತಗಳ ಅಡಿಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 7,000 ಅಡಿ ಎತ್ತರದ ಒಣ ಪ್ರಸ್ಥಭೂಮಿಯ ಮೇಲೆ ಸಾಂತಾ ಫೆ ನಗರವು ನೆಲೆಗೊಂಡಿದೆ. ನ್ಯೂ ಮೆಕ್ಸಿಕೊ ರಾಜ್ಯದ ರಾಜಧಾನಿಯಾದ ಈ ಊರು ಚಿತ್ರಕಲೆ, ಕುಂಭಕಲೆ, ನೇಯ್ಗೆ ಮತ್ತು ಗೀತನಾಟಕಗಳ ಕೇಂದ್ರವೆಂದು ವಿಖ್ಯಾತವಾಗಿದೆ. ಅಲ್ಲಿಗೆ ಪ್ರವಾಸ ಹೊರಡುವವರಿಗೆ ವಸತಿ, ಊಟ, ಚಿತ್ರಶಾಲೆಗಳ ವಿವರ ನೀಡುವ ಕೈಪಿಡಿಗಳು ಹೇರಳವಾಗಿವೆ. ಆದರೆ ಇತಿಹಾಸದ ವಿದ್ಯಾರ್ಥಿಯು ಹೊರಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದಿದೆ: ಕಣ್ಣಿಗೆ ಕಾಣುವ ಆ ಹಳಮೆಯಲ್ಲಿ ಕಾಲವು ಉಳಿಸಿದ್ದು ಎಷ್ಟು, ಮನುಷ್ಯರು ಬೇಕೆಂದು ಕಟ್ಟಿದ್ದು ಎಷ್ಟು? ಈ ಪ್ರಶ್ನೆಗೆ ಉತ್ತರವನ್ನರಸಲು ನಾಲ್ಕು ವರ್ಷಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕೆಂದು ನಾವು ಭಾವಿಸುತ್ತೇವೆ: 1610, 1680, 1880 ಮತ್ತು 1912.

1598ರಲ್ಲಿ ಹ್ವಾನ್ ದೆ ಒನ್ಯಾತೆ ಎಂಬ ಸ್ಪೇನಿನ ದಳಪತಿಯು ವಲಸೆಗಾರರೊಡನೆ ಈ ಪ್ರದೇಶಕ್ಕೆ ಬಂದನು. ಅವನ ತರುವಾಯ ರಾಜ್ಯಪಾಲನಾದ ಪೆದ್ರೊ ದೆ ಪೆರಾಲ್ತನು 1610ರ ಸುಮಾರಿಗೆ ಸಾಂತಾ ಫೆಯನ್ನು ರಾಜಧಾನಿಯನ್ನಾಗಿ ಸ್ಥಾಪಿಸಿ, ನಡುವೆ ಒಂದು ಚೌಕವನ್ನೂ ಅದರ ಉತ್ತರಕ್ಕೆ ರಾಜ್ಯಪಾಲರ ಅರಮನೆಯನ್ನೂ ನಿಯೋಜಿಸಿದನು. ಆದರೆ ಆ ನೆಲ ಬರಿದಾಗಿರಲಿಲ್ಲ. ರಿಯೊ ಗ್ರಾಂದೆ ನದಿಯ ಕಣಿವೆಯಲ್ಲಿ ಮಣ್ಣಿನ ಬಹುಅಂತಸ್ತಿನ ಮನೆಗಳನ್ನು ಕಟ್ಟಿ, ಜೋಳ ಬೆಳೆದು ಬಾಳುತ್ತಿದ್ದ ಪ್ವೆಬ್ಲೊ ಜನರು ಶತಮಾನಗಳಿಂದ ಅಲ್ಲಿದ್ದರು. ಸ್ಪೇನಿನವರು ಅವರಿಂದ ಧಾನ್ಯವನ್ನೂ ದುಡಿಮೆಯನ್ನೂ ಬಲಾತ್ಕಾರವಾಗಿ ಪಡೆದುದಲ್ಲದೆ ಅವರ ಪೂಜಾವಿಧಿಗಳನ್ನು ನಿಷೇಧಿಸಿದರು.

ಇದರ ಫಲವೇ 1680ರ ಬಂಡಾಯ. ಪೊಪೆ ಎಂಬ ಮುಖಂಡನ ಪ್ರೇರಣೆಯಿಂದ, ಗಂಟುಹಾಕಿದ ಹಗ್ಗಗಳ ಮೂಲಕ ದಿನವನ್ನು ಗೊತ್ತುಮಾಡಿಕೊಂಡು, ಭಾಷೆಯಲ್ಲಿ ಪರಸ್ಪರ ಭಿನ್ನರಾದ ಹಲವು ಊರುಗಳವರು ಏಕಕಾಲದಲ್ಲಿ ದಂಗೆಯೆದ್ದರು. ಸುಮಾರು 400 ಮಂದಿ ಸ್ಪೇನಿನವರು ಹತರಾದರು. ಉಳಿದವರು ಆಗಸ್ಟ್ ತಿಂಗಳಲ್ಲಿ ಅರಮನೆಯನ್ನು ತೊರೆದು ದಕ್ಷಿಣಕ್ಕೆ ಎಲ್ ಪಾಸೊವಿನ ಕಡೆಗೆ ಹಿಮ್ಮೆಟ್ಟಿದರು. ಮುಂದಿನ ಹನ್ನೆರಡು ವರ್ಷಗಳ ಕಾಲ ಪ್ವೆಬ್ಲೊ ಜನರು ಆ ಅರಮನೆಯನ್ನು ತಮ್ಮ ವಾಸಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡು ಅಲ್ಲಿ ನೆಲೆಸಿದ್ದರು. 1692ರಲ್ಲಿ ದೀಗೊ ದೆ ವರ್ಗಾಸನು ರಕ್ತಪಾತವಿಲ್ಲದೆ ನಗರದಿಂದ ಅಧೀನತೆಯ ಮಾತನ್ನು ಪಡೆದನೆಂಬುದು ನಿಜ. ಆದರೆ 1693ರ ಡಿಸೆಂಬರಿನಲ್ಲಿ ವಲಸೆಗಾರರೊಡನೆ ಹಿಂದಿರುಗಿದಾಗ ಕಾದಾಡಿಯೇ ನಗರವನ್ನು ಹಿಡಿಯಬೇಕಾಯಿತು. ಸೆರೆಸಿಕ್ಕವರಲ್ಲಿ 70 ಮಂದಿಯನ್ನು ಕೊಲ್ಲಿಸಲಾಯಿತು. ನಗರದ ವಾರ್ಷಿಕ ಉತ್ಸವವು 1692ನ್ನು ಸ್ಮರಿಸುತ್ತ 1693ನ್ನು ಬಹುಕಾಲ ಮರೆತಿತ್ತೆಂಬುದು ಗಮನಾರ್ಹ.

1821ರಲ್ಲಿ ಮೆಕ್ಸಿಕೊ ಸ್ವತಂತ್ರವಾದೊಡನೆ ಮಿಸೂರಿಯಿಂದ ವರ್ತಕರ ಬಂಡಿಗಳು ಇಲ್ಲಿಗೆ ಬರತೊಡಗಿದವು. 1846ರಲ್ಲಿ ಅಮೆರಿಕದ ಸೇನೆ ನಗರವನ್ನು ವಶಪಡಿಸಿಕೊಂಡಿತು. ಆ ಬಳಿಕದ ಕಾಲದಲ್ಲಿ ಮಣ್ಣಿನ ಗೋಡೆ ಹಿಂದುಳಿದಿರುವಿಕೆಯ ಗುರುತೆನಿಸಿ, ಸುಟ್ಟ ಇಟ್ಟಿಗೆ, ಕಲ್ಲು, ಮರದ ಕಟಾಂಜನಗಳಿಗೆ ಮನ್ನಣೆ ದೊರೆಯಿತು. ಫ್ರಾನ್ಸಿನಿಂದ ಬಂದ ಬಿಷಪ್ ಲಾಮಿಯವರು 1869ರಲ್ಲಿ ಆರಂಭಿಸಿದ ಕಲ್ಲಿನ ಪ್ರಧಾನ ಇಗರ್ಜಿ ಈ ಮನೋಧರ್ಮದ ಪ್ರಬಲ ಸಾಕ್ಷಿ. ಆದರೆ 1880ರಲ್ಲಿ ನಗರದ ಹೆಸರನ್ನೇ ಹೊತ್ತ ರೈಲ್ವೆಯ ಮುಖ್ಯ ಮಾರ್ಗವು ಗುಡ್ಡಗಾಡನ್ನು ತಪ್ಪಿಸಲು ನಗರವನ್ನು ಬಿಟ್ಟು ಹಾದುಹೋಯಿತು. ಸುಮಾರು 18 ಮೈಲಿ ದೂರದ ಲಾಮಿ ನಿಲ್ದಾಣದಿಂದ ಒಂದು ಕವಲು ಹಳಿ ಮಾತ್ರ ಬಂದಿತು. ಅದೇ ವರ್ಷ 6,635 ಇದ್ದ ಜನಸಂಖ್ಯೆ 1910ರ ವೇಳೆಗೆ 5,072ಕ್ಕೆ ಇಳಿಯಿತು.

ಕ್ಷೀಣಿಸುತ್ತಿದ್ದ ಊರು ತನ್ನ ಬಡತನವನ್ನೇ ಬಂಡವಾಳ ಮಾಡಿಕೊಂಡ ಬಗೆ ವಿಚಾರಯೋಗ್ಯವಾದುದು. 1909ರಲ್ಲಿ ಎಡ್ಗರ್ ಹ್ಯೂವೆಟ್ ಅವರ ನೇತೃತ್ವದಲ್ಲಿ ನ್ಯೂ ಮೆಕ್ಸಿಕೊ ವಸ್ತುಸಂಗ್ರಹಾಲಯ ಸ್ಥಾಪಿತವಾಗಿ ಹಳೆಯ ಅರಮನೆ ಅದರ ನೆಲೆಯಾಯಿತು. ನ್ಯೂ ಮೆಕ್ಸಿಕೊ ರಾಜ್ಯಪದವಿ ಪಡೆದ 1912ರಲ್ಲಿಯೇ ನಗರದ ಯೋಜನಾ ಮಂಡಲಿಯು, ಪ್ರವಾಸಿಗಳನ್ನು ಸೆಳೆಯುವ ಸ್ಪಷ್ಟ ಉದ್ದೇಶದಿಂದ, ಹಳೆಯ ಬೀದಿಗಳನ್ನು ಕಾಪಾಡಬೇಕೆಂದೂ ಹೊಸ ಕಟ್ಟಡಗಳೂ ಹಳೆಯ ಶೈಲಿಯಲ್ಲಿರಬೇಕೆಂದೂ ಸೂಚಿಸಿತು. ಮರುವರ್ಷದ ಹೊತ್ತಿಗೆ ಅರಮನೆಯ ಮುಂದಿದ್ದ ವಿಕ್ಟೋರಿಯ ಕಾಲದ ಜಗಲಿಯನ್ನು ಕಿತ್ತು, ಇಂದು ನಾವು ಕಾಣುವ ಮರದ ಕಂಬಗಳ ಮೊಗಸಾಲೆಯನ್ನು ನಿರ್ಮಿಸಲಾಯಿತು. 1917ರ ಕಲಾಸಂಗ್ರಹಾಲಯ ಈ ಶೈಲಿಗೆ ಮಾದರಿಯಾಯಿತು; 1957ರ ನಗರಶಾಸನ ಅದಕ್ಕೆ ಕಾನೂನಿನ ಬಲವನ್ನಿತ್ತಿತು. ಆದಕಾರಣ ಪ್ರವಾಸಿಯು ಕಾಣುವ ‘ಪುರಾತನ’ ನಗರದ ಬಹುಭಾಗ ಇಪ್ಪತ್ತನೆಯ ಶತಮಾನದ್ದೆಂದು ಹೇಳದೆ ವಿಧಿಯಿಲ್ಲ.

ಹೀಗೆಂದ ಮಾತ್ರಕ್ಕೆ ಇದೆಲ್ಲ ಬರಿಯ ವೇಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಲಾವಿದರು ಈ ಊರನ್ನು ಅರಸಿ ಬಂದುದು ನಿಜ. ಸಾನ್ ಇಲ್ದೆಫೊನ್ಸೊ ಊರಿನ ಮರಿಯಾ ಮಾರ್ತಿನೆಸ್ ಅವರು ಪತಿ ಹೂಲಿಯನ್ ಅವರೊಡನೆ ರೂಪಿಸಿದ ಕಪ್ಪು ಮಡಕೆಗಳು ಲೋಕಪ್ರಸಿದ್ಧವಾದುದೂ ನಿಜ. 1922ರಲ್ಲಿ ಪ್ವೆಬ್ಲೊ ಜನರ ಭೂಮಿಗೆ ಕುತ್ತು ತರುವ ಬರ್ಸಮ್ ಮಸೂದೆ ಬಂದಾಗ, ಆ ಜನರೇ ಸಭೆ ಸೇರಿ ಪ್ರತಿಭಟಿಸಿದರು, ಸಾಂತಾ ಫೆಯ ಲೇಖಕರೂ ಚಿತ್ರಕಾರರೂ ಅವರಿಗೆ ಬೆಂಬಲವಿತ್ತರು, ಮಸೂದೆ ಬಿದ್ದುಹೋಯಿತು.

ಈ ಹಿನ್ನೆಲೆಯಲ್ಲಿ ಪ್ರವಾಸದ ಕ್ರಮವನ್ನು ಹೀಗೆ ಸೂಚಿಸಬಹುದು. ಗಾಳಿ ತೆಳುವಾದ ಎತ್ತರವಾದ್ದರಿಂದ ಮೊದಲ ದಿನ ವಿಶ್ರಾಂತಿ ಲೇಸು. ಎರಡನೆಯ ದಿನ ಚೌಕ, ಅರಮನೆ, 1917ರ ಸಂಗ್ರಹಾಲಯ, ಲಾಮಿಯವರ ಇಗರ್ಜಿ ಇವನ್ನು ಒಟ್ಟಿಗೆ ನೋಡಿದರೆ ಮೂರು ಕಾಲಗಳ ಮೂರು ಅಭಿರುಚಿಗಳು ಒಂದೇ ನಡಿಗೆಯಲ್ಲಿ ತಿಳಿಯುತ್ತವೆ. 1922ರಲ್ಲಿ ಮೊದಲಾದ ಮೂಲನಿವಾಸಿಗಳ ಕಲಾಸಂತೆ ಆಗಸ್ಟಿನಲ್ಲಿ ನಡೆಯುವುದು. ಜಾರ್ಜಿಯಾ ಓಕೀಫ್ ಅವರ ಚಿತ್ರಗಳಿಗೆ ಮೀಸಲಾದ ಸಂಗ್ರಹಾಲಯ 1997ರಲ್ಲಿ ತೆರೆಯಿತು. ಪ್ವೆಬ್ಲೊ ಊರುಗಳಿಗೆ ಹೋಗುವವರು ಅವು ಜನವಸತಿಯ ಗ್ರಾಮಗಳೆಂಬುದನ್ನು ಮರೆಯದೆ, ಛಾಯಾಚಿತ್ರ ತೆಗೆಯುವ ವಿಷಯದಲ್ಲಿ ಅಲ್ಲಿನ ನಿಯಮಗಳಿಗೆ ತಲೆಬಾಗಬೇಕು.

ಕಡೆಯಲ್ಲಿ ಚೌಕಕ್ಕೆ ಮರಳಿ ಬರುವುದು ಉಚಿತ. ವರ್ಗಾಸನ ಪುನರಾಗಮನವನ್ನು ಶಾಂತಿಯುತವೆಂದು ಅಭಿನಯಿಸುತ್ತಿದ್ದ ಉತ್ಸವರೂಪಕವನ್ನು 2018ರಲ್ಲಿ ಕೈಬಿಡಲಾಯಿತು. ಚೌಕದ ನಡುವೆ 1868ರಿಂದ ನಿಂತಿದ್ದ ಸೈನಿಕ ಸ್ಮಾರಕದ ಮೇಲೆ ಮೂಲನಿವಾಸಿಗಳನ್ನು ಅನಾಗರಿಕರೆಂದು ಕರೆದಿದ್ದ ಪದವನ್ನು 1974ರಲ್ಲಿ ಯಾರೋ ಉಳಿಯಿಂದ ಕೆತ್ತಿ ಅಳಿಸಿದರು. 2020ರ ಅಕ್ಟೋಬರ್ 12ರಂದು ಪ್ರತಿಭಟನಕಾರರು ಆ ಸ್ತಂಭವನ್ನೇ ಉರುಳಿಸಿದರು. ಗೋಡೆಯ ಬಣ್ಣವನ್ನು ಶಾಸನದಿಂದ ನಿಶ್ಚಯಿಸಿದ ನಗರಕ್ಕೂ ತನ್ನ ಗತಕಾಲದ ಅರ್ಥವನ್ನು ಹಾಗೆ ನಿಶ್ಚಯಿಸಲು ಸಾಧ್ಯವಾಗಿಲ್ಲ. ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಹೋದಾಗ ಮೊಗಸಾಲೆಯಡಿಯಲ್ಲಿ ಮಡಕೆ, ಬೆಳ್ಳಿ ಒಡವೆಗಳನ್ನು ಹರಡಿಕೊಂಡು ಕುಳಿತ ಮೂಲನಿವಾಸಿ ಕುಶಲಕರ್ಮಿಗಳನ್ನು ಕಾಣುವರು. ಅವರಲ್ಲಿ ಪ್ವೆಬ್ಲೊ ಜನರೂ ಇರುವರು. ಅವರ ಪೂರ್ವಿಕರು ಹನ್ನೆರಡು ವರ್ಷ ಆಳಿ ಬಾಳಿದ ಮನೆ ಅವರ ಬೆನ್ನ ಹಿಂದೆಯೇ ಇದೆಯೆಂಬುದನ್ನು ನೆನೆದು ಆ ಚೌಕದಲ್ಲಿ ನಿಲ್ಲುವುದು ಒಳ್ಳೆಯದು.