ಅವರೆ ಬಳ್ಳಿಯೂ ಅದರ ಕ್ಯಾಲೆಂಡರೂ

ಚಳಿ ಶುರುವಾಯಿತೆಂದರೆ ಮುಂಬೈ ಮಾರ್ಕೆಟ್ಟಿನಲ್ಲಿ ವಾಲ್ ಪಾಪ್ಡಿಯ ರಾಶಿ. ಊಂಧಿಯೂಗೆ ಬೇಕು ಅಂತ ಗುಜರಾತಿಗಳು, ಪೋಪಟಿಗೆ ಬೇಕು ಅಂತ ರಾಯಗಡದವರು, ನಡುವೆ ಸೊಗಡು ಹುಡುಕುತ್ತಾ ಕಾಯಿ ಮೂಸಿ ನೋಡುವ ನಾವು. ಎಲ್ಲರೂ ನಮ್ಮದು ಅನ್ನುವ ಈ ಅವರೆಯ ತವರು ಮಾತ್ರ ಆಫ್ರಿಕಾ!

ಹಾಗಂತ ನಿನ್ನೆ ಮೊನ್ನೆ ಬಂದದ್ದಲ್ಲ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರಿನ ಅಗೆತದಲ್ಲಿ 3000 ವರ್ಷಕ್ಕೂ ಹೆಚ್ಚು ಹಳೆಯ ಅವರೆ ಕಾಳಿನ ಕುರುಹು ಸಿಕ್ಕಿದೆ. ಇದರ ಮುಂದೆ ನಮ್ಮ ಬೀನ್ಸು, ಅಂದರೆ ಹುರುಳಿಕಾಯಿ, ತೀರಾ ಎಳೆಯದು. ಅಮೆರಿಕದ ಈ ಬಳ್ಳಿ 1492ರ ನಂತರ ಯುರೋಪಿನವರ ಹಡಗು ಹತ್ತಿದ್ದು. (ಹೆಸರು ಹುರುಳಿಕಾಯಿ ಆದರೂ ಹುರುಳಿ ಬೇರೆ ಗಿಡ.)

ಹಳೇ ಮೈಸೂರಿನ ಕಡೆ ಅವರೆಗೆ ಎರಡು ಬಾಳು. ಸಿಪ್ಪೆ ಸಮೇತ ತಿನ್ನುವ ಚಪ್ಪರದವರೆ ಹಿತ್ತಲಿನದು. ಚಪ್ಪರ ಹತ್ತುತ್ತದೆ, ಬಿಟ್ಟರೆ ಸೂರಿಗೂ ಏರುತ್ತದೆ. ಕಾಳಿನ ಅವರೆ ಹೊಲದ್ದು, ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತುತ್ತಾರೆ. ರಾಗಿ ಕೊಯ್ದ ಮೇಲೆ ಹೊಲವೆಲ್ಲ ಇದರದೇ. ಇಬ್ಬನಿ ಬೀಳುವ ಹೊತ್ತಿಗೆ ಹೂವು, ಕಾಯಿ. ಜೂನಿನಲ್ಲಿ ಬಿತ್ತಿದರೂ ನಾಟಿ ಅವರೆ ಹಗಲು ಗಿಡ್ಡವಾಗಿ ರಾತ್ರಿ ಉದ್ದವಾಗುವ ತನಕ ಹೂ ಬಿಡುವುದಿಲ್ಲ. ಅದರ ಕ್ಯಾಲೆಂಡರು ಅದಕ್ಕೆ!

ಈ ಹಟವನ್ನು ಬಿಡಿಸಿದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ಅಲ್ಲಿನ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲು ಎಷ್ಟೇ ಉದ್ದವಿದ್ದರೂ ಹೂ ಬಿಡುತ್ತವೆ. ಬಳ್ಳಿ ಹಬ್ಬುವುದಿಲ್ಲ, ಪೊದೆಯ ಹಾಗೆ ನಿಂತು ಮೂರು ಮೂರೂವರೆ ತಿಂಗಳಲ್ಲಿ ಕೆಲಸ ಮುಗಿಸುತ್ತವೆ. ಬೇಸಿಗೆಯಲ್ಲೂ ಅವರೆಕಾಯಿ ಸಿಗುವುದು ಹೀಗೆ. ಸೊಗಡಿಲ್ಲ ಅಂತ ಗೊಣಗುವುದು ನಮಗೆ ಸುಲಭ. ಆರು ತಿಂಗಳು ಹೊಲ ಕಾಯಬೇಕಾದ ರೈತನಿಗೆ ಅದು ಹೊಟ್ಟೆಪಾಡು. ನಾನಂತೂ ಅವನನ್ನು ದೂರಲಾರೆ. ಆದರೆ ಹೊಲದಲ್ಲಿ ಜಾಗ ಕಳೆದುಕೊಂಡ ನಾಟಿ ಬಳ್ಳಿಗೆ ಇನ್ನು ಹಿತ್ತಲೇ ಗತಿ. ಹಿತ್ತಲಿಲ್ಲದ ನಮಗೆ ಬಾಲ್ಕನಿ.

ಊರಿಗೆ ಹೋದಾಗ ಬೀಜವನ್ನು ಅಂಗಡಿಯಲ್ಲಿ ಕೇಳಬೇಡಿ, ಅಜ್ಜಿಯಂದಿರ ಡಬ್ಬಿಯಲ್ಲಿ ಹುಡುಕಿ. ಮೊದಲ ಮಳೆಗೆ ದೊಡ್ಡ ಡ್ರಮ್ಮಿನಲ್ಲಿ ಎರಡು ಕಾಳು ಊರಿ, ಗ್ರಿಲ್ಲಿಗೆ ಹುರಿ ಕಟ್ಟಿ. ಸೆಪ್ಟೆಂಬರ್ ತನಕ ಬರೀ ಎಲೆ. ಮನೆಯವರು ನಗುತ್ತಾರೆ, ಕೀಳಬೇಡಿ. ಬೀದಿದೀಪ ರಾತ್ರಿಯಿಡೀ ಬಳ್ಳಿಯ ಮೇಲೇ ಬೀಳುತ್ತಿದ್ದರೆ ಜಾಗ ಬದಲಿಸಿ. ಉದ್ದದ ಕತ್ತಲೆ ಸಿಗದೆ ಹೂ ತಡವಾಗಬಹುದು. ಹೂಗೊಂಚಲಿಗೆ ಕರೀ ಹೇನು ಮುತ್ತಿದರೆ ನೀರು ಜೋರಾಗಿ ಚಿಮುಕಿಸಿದರೆ ಸಾಕು.

ಎಷ್ಟೇ ಆಸೆಯಾದರೂ ಒಂದೆರಡು ಗೊಂಚಲು ಬಳ್ಳಿಯಲ್ಲೇ ಒಣಗಲಿ. ಅವರೆ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಗಿಡ, ತಳಿ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಒಣಗಿದ ಕಾಯಿ ಸುಲಿದು, ಕಾಳಿಗೆ ಬೂದಿ ಸವರಿ ಡಬ್ಬಿಗೆ ಹಾಕಿಡಿ, ಮುಂದಿನ ಜೂನಿಗೆ ಪಕ್ಕದ ಮನೆಗೂ ನಾಲ್ಕು ಕಾಳು ಕೊಡಬಹುದು.