ನಿರ್ಲಕ್ಷ್ಯಕ್ಕೊಳಗಾದ ಸಾಕುನಾಯಿಗಳ ರಕ್ಷಣೆ ಮತ್ತು ಶುಶ್ರೂಷೆ: ಸಾರ್ವಜನಿಕರ ಮಾಹಿತಿಗಾಗಿ

ಆಹಾರ, ನೀರು, ನೆರಳಿಲ್ಲದೆ ಕಟ್ಟಿಹಾಕಿದ, ಬೀಗ ಹಾಕಿದ ಮನೆಯ ಆವರಣದಲ್ಲಿ ಬಿಟ್ಟುಹೋದ ಅಥವಾ ವಾಹನದಲ್ಲಿ ತಂದು ಊರ ಹೊರಗೆ ತೊರೆದ ಸಾಕುನಾಯಿಗಳ ವಿಷಯದಲ್ಲಿ ಏನು ಮಾಡಬಹುದೆಂದು ಸಾರ್ವಜನಿಕರು ವಿಚಾರಿಸುವುದುಂಟು. ಅಂತಹ ನಾಯಿಯನ್ನು ಕಾನೂನುಬದ್ಧವಾಗಿ ಪಡೆಯುವ ವಿಧಾನವನ್ನೂ ಅದು ಆರೋಗ್ಯವಂತವಾಗುವವರೆಗಿನ ಶುಶ್ರೂಷೆಯನ್ನೂ ಇಲ್ಲಿ ವಿವರಿಸಲಾಗಿದೆ. ಇವೆರಡರಲ್ಲಿಯೂ ಹಾನಿ ಮಾಡುವುದು ಅವಸರವೇ. ಒಪ್ಪಿಗೆಯಿಲ್ಲದೆ ಆವರಣ ಪ್ರವೇಶಿಸಿ ನಾಯಿಯನ್ನು ತಂದವರ ಮೇಲೆಯೇ ದೂರು ದಾಖಲಾಗಬಹುದು. ವಾರಗಟ್ಟಲೆ ಉಪವಾಸವಿದ್ದ ನಾಯಿಗೆ ಮೊದಲ ದಿನವೇ ಹೊಟ್ಟೆ ತುಂಬ ಉಣಿಸಿದರೆ ಅದು ಸಾಯಲೂಬಹುದು.

ಬೀದಿನಾಯಿಗಳ ಸಂತಾನ ನಿಯಂತ್ರಣ ಮತ್ತು ಲಸಿಕೆಯು ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಮೇರೆಗೆ ಸ್ಥಳೀಯ ಸಂಸ್ಥೆಗಳ ಹೊಣೆಯಾಗಿರುತ್ತದೆ. ಈ ಪುಟವು ಮುಖ್ಯವಾಗಿ ಮಾಲೀಕರುಳ್ಳ ಅಥವಾ ಮಾಲೀಕರು ತೊರೆದ ನಾಯಿಗಳಿಗೆ ಸಂಬಂಧಿಸಿದುದಾಗಿದೆ.

ಕಾನೂನಿನ ದೃಷ್ಟಿಯಲ್ಲಿ ನಿರ್ಲಕ್ಷ್ಯ

ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ ಕಲಂ 3ರಂತೆ, ಪ್ರಾಣಿಯ ಕ್ಷೇಮ ನೋಡಿಕೊಳ್ಳುವುದು ಅದನ್ನು ಇಟ್ಟುಕೊಂಡವರ ಕರ್ತವ್ಯ. ಕಲಂ 11(1)ರಲ್ಲಿ ಕ್ರೌರ್ಯವೆಂದು ಪರಿಗಣಿಸಲಾಗುವ ಕೃತ್ಯಗಳನ್ನು ಹೇಳಲಾಗಿದೆ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ದೀರ್ಘಕಾಲ ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಗೆ ಓಡಾಟಕ್ಕೆ ಅವಕಾಶ ನೀಡದಿರುವುದು, ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದು, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಇವುಗಳಲ್ಲಿ ಸೇರಿವೆ. ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡ; ಮೂರು ವರ್ಷದೊಳಗೆ ಪುನರಾವರ್ತನೆಯಾದಲ್ಲಿ 25ರಿಂದ 100 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ. ದಂಡದ ಮೊತ್ತ ಇಂದಿನ ದಿನಕ್ಕೆ ಅತ್ಯಲ್ಪವೆಂಬುದನ್ನು ಒಪ್ಪಲೇಬೇಕು. ಆದರೆ ದೂರಿನ ಪ್ರಯೋಜನ ದಂಡದಲ್ಲಿಲ್ಲ. ಅಪರಾಧ ಸಾಬೀತಾದಲ್ಲಿ, ನಾಯಿಯನ್ನು ಅದೇ ಮಾಲೀಕರ ಬಳಿ ಬಿಟ್ಟರೆ ಮತ್ತೆ ಹಿಂಸೆಗೆ ಗುರಿಯಾದೀತೆಂದು ಕಂಡುಬಂದರೆ, ಕಲಂ 29ರ ಮೇರೆಗೆ ನ್ಯಾಯಾಲಯವು ಮಾಲೀಕತ್ವವನ್ನೇ ರದ್ದುಪಡಿಸಬಹುದು. ನಾಯಿಗೆ ಬೇಕಾದುದು ಇದೇ. ಪ್ರಾಣಿಯನ್ನು ಕೊಂದಲ್ಲಿ ಅಥವಾ ಅಂಗವಿಕಲಗೊಳಿಸಿದಲ್ಲಿ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 325 ಅನ್ವಯಿಸುತ್ತದೆ. ಇದರಲ್ಲಿ ಐದು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ.

ದೂರು ನೀಡುವ ಮೊದಲು ನಾಯಿಯ ತಳಿಯನ್ನು ಗಮನಿಸುವುದು ಒಳಿತು. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ನಾಯಿ ಸಹಜವಾಗಿಯೇ ತೆಳ್ಳಗಿದ್ದು, ಆರೋಗ್ಯವಾಗಿದ್ದಾಗಲೂ ಅದರ ಕೊನೆಯ ಒಂದೆರಡು ಪಕ್ಕೆಲುಬುಗಳು ಕಾಣುತ್ತವೆ. ಹಸಿದ ನಾಯಿಯ ಲಕ್ಷಣ ಬೇರೆ: ಬೆನ್ನುಮೂಳೆ, ಸೊಂಟದ ಮೂಳೆ ಎದ್ದು ಕಾಣುತ್ತವೆ, ತೊಡೆಯ ಮಾಂಸ ಕರಗಿರುತ್ತದೆ, ಕಣ್ಣು ಗುಳಿಬಿದ್ದಿರುತ್ತದೆ.

ದೂರು ಮತ್ತು ವಶಪಡಿಸಿಕೊಳ್ಳುವಿಕೆ

ಮೊದಲು ಮಾಲೀಕರೊಡನೆ ಮಾತನಾಡಿ ನೋಡುವುದು ಸೂಕ್ತ. ಕೆಲಸ ಕಳೆದುಕೊಂಡವರು, ಊರು ಬಿಡುವವರು, ವಯಸ್ಸಾದವರು ನಾಯಿಯನ್ನು ಬಿಟ್ಟುಕೊಡಲು ಒಪ್ಪುವುದು ಅಪರೂಪವಲ್ಲ. ಅಂತಹ ಸಂದರ್ಭದಲ್ಲಿ ನಾಯಿಯ ಬಣ್ಣ, ಲಿಂಗ, ಅಂದಾಜು ವಯಸ್ಸನ್ನು ನಮೂದಿಸಿ, ಸ್ವಇಚ್ಛೆಯಿಂದ ಬಿಟ್ಟುಕೊಡುತ್ತಿರುವುದಾಗಿ ದಿನಾಂಕಸಹಿತ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯತಕ್ಕದ್ದು. ಬಾಯಿಮಾತಿನ ಒಪ್ಪಿಗೆ ಸಾಲದು. ನಾಯಿ ಚೇತರಿಸಿಕೊಂಡು ಮೈತುಂಬಿದ ಮೇಲೆ ಅದನ್ನು ಮರಳಿ ಕೇಳಲು ಬರುವವರಿದ್ದಾರೆ.

ಒಪ್ಪದಿದ್ದಲ್ಲಿ, ರಸ್ತೆಯಿಂದ ಅಥವಾ ನೆರೆಯವರ ಅನುಮತಿ ಪಡೆದು ಅವರ ಮನೆಯಿಂದ ದಿನಾಂಕ ತಿಳಿಯುವಂತೆ ಛಾಯಾಚಿತ್ರ ತೆಗೆದು, ಲಿಖಿತ ದೂರನ್ನು ಪೊಲೀಸ್ ಠಾಣೆಗೂ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೂ ಸಲ್ಲಿಸುವುದು. ಇಲ್ಲಿ ದೂರುದಾರರು ತಿಳಿದಿರಬೇಕಾದ ಒಂದು ಅಂಶವಿದೆ. ಮೇಲೆ ಹೇಳಿದ ನಿರ್ಲಕ್ಷ್ಯದ ಅಪರಾಧಗಳು ಅಸಂಜ್ಞೇಯ ಸ್ವರೂಪದವು. ಅಂದರೆ ನ್ಯಾಯಾಲಯದ ಆದೇಶವಿಲ್ಲದೆ ಪೊಲೀಸರು ತನಿಖೆ ಆರಂಭಿಸುವಂತಿಲ್ಲ. ಹಾಗೆಂದು ನಾಯಿಗೆ ಏನೂ ಮಾಡುವಂತಿಲ್ಲವೆಂದು ದೂರುದಾರರು ಹಿಂದಿರುಗಬೇಕಿಲ್ಲ. ಅಧಿನಿಯಮದ ಕಲಂ 34ರಂತೆ, ಪೇದೆಗಿಂತ ಮೇಲಿನ ದರ್ಜೆಯ ಯಾವುದೇ ಪೊಲೀಸ್ ಅಧಿಕಾರಿಯು ಅಪರಾಧ ನಡೆದಿದೆಯೆಂದು ನಂಬಲು ಕಾರಣವಿದ್ದಲ್ಲಿ ಪ್ರಾಣಿಯನ್ನು ವಶಪಡಿಸಿಕೊಂಡು ಮ್ಯಾಜಿಸ್ಟ್ರೇಟರ ಅಥವಾ ನಿಯಮಿಸಲಾದ ಪಶುವೈದ್ಯಾಧಿಕಾರಿಯ ಪರೀಕ್ಷೆಗೆ ಹಾಜರುಪಡಿಸಬಹುದು. ದೂರಿನಲ್ಲಿ ಈ ಕಲಂ ಅನ್ನು ಸ್ಪಷ್ಟವಾಗಿ ಉಲ್ಲೇಖಿಸಿ ಕೋರಿಕೊಳ್ಳುವುದು ಮತ್ತು ಸ್ವೀಕೃತಿ ಪಡೆಯುವುದು ಅವಶ್ಯ. ಕಲಂ 36ರಂತೆ ಅಪರಾಧ ನಡೆದ ದಿನದಿಂದ ಮೂರು ತಿಂಗಳು ಕಳೆದ ಮೇಲೆ ಮೊಕದ್ದಮೆ ಹೂಡುವಂತಿಲ್ಲವಾದ್ದರಿಂದ ವಿಳಂಬ ಸಲ್ಲದು.

ಮಾಲೀಕರಾರೆಂದು ತಿಳಿಯದ ನಾಯಿಯಾದಲ್ಲಿ ಕುತ್ತಿಗೆ ಪಟ್ಟಿಯ ಬಿಲ್ಲೆಯನ್ನು ನೋಡಿ, ಅಕ್ಕಪಕ್ಕದಲ್ಲಿ ವಿಚಾರಿಸಿ, ಠಾಣೆಗೂ ಸ್ಥಳೀಯ ಸಂಸ್ಥೆಗೂ ಲಿಖಿತವಾಗಿ ತಿಳಿಸಿ ಆಶ್ರಯ ನೀಡಬಹುದು. ಕೆಲವೊಮ್ಮೆ ಅದು ತೊರೆದ ನಾಯಿಯಾಗಿರದೆ ಪಟಾಕಿಗೆ ಬೆದರಿ ದಾರಿ ತಪ್ಪಿದ ನಾಯಿಯಾಗಿರುತ್ತದೆ.

ಹಿಡಿಯುವಾಗಿನ ಎಚ್ಚರಿಕೆ

ಬಾಯಿ ಮುಚ್ಚಲಾಗದೆ ಜೊಲ್ಲು ಸುರಿಸುವ, ಧ್ವನಿ ಬದಲಾದ, ತೂರಾಡುವ ಅಥವಾ ಕಂಡದ್ದನ್ನೆಲ್ಲ ಕಚ್ಚುವ ನಾಯಿಯ ಹತ್ತಿರ ಹೋಗಕೂಡದು. ಅದಕ್ಕೆ ರೇಬೀಸ್ ಇರಬಹುದು. ಅಂತಹುದನ್ನು ಸ್ಥಳೀಯ ಸಂಸ್ಥೆಯ ತರಬೇತಾದ ಸಿಬ್ಬಂದಿಗೆ ಬಿಡತಕ್ಕದ್ದು. ಉಳಿದಂತೆ, ನೋವಿನಲ್ಲಿರುವ ಸಾಧು ನಾಯಿಯೂ ಕಚ್ಚುತ್ತದೆ. ನೆಟ್ಟ ದೃಷ್ಟಿಯಿಂದ ನೋಡದೆ ಪಕ್ಕದಿಂದ ಸಮೀಪಿಸಿ, ದಪ್ಪ ಬಟ್ಟೆ ಅಥವಾ ಕಂಬಳಿ ಹೊದಿಸಿ ಎತ್ತುವುದು ಕ್ಷೇಮ.

ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗುವುದು. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬಾರದು. ಸ್ನಾಯುವಿಗೆ ನೀಡುವ ಲಸಿಕೆಯನ್ನು 0, 3, 7, 14 ಮತ್ತು 28ನೇ ದಿನ ಪಡೆಯಬೇಕು. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಕಚ್ಚಿದ ನಾಯಿಯನ್ನು 10 ದಿನ ನಿಗಾದಲ್ಲಿಡುವುದು ಸರಿಯಾದರೂ, ಆ ಫಲಿತಾಂಶಕ್ಕಾಗಿ ಕಾದು ಲಸಿಕೆ ಮುಂದೂಡಬಾರದು. ಪದೇ ಪದೇ ಇಂತಹ ಕೆಲಸದಲ್ಲಿ ತೊಡಗುವವರು ಮುಂಜಾಗ್ರತೆಯ ಲಸಿಕೆ ಪಡೆದಿರುವುದು ಒಳಿತು.

ಮೊದಲ ವಾರದ ಆಹಾರ

ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸತಕ್ಕದ್ದು. ತೂಕ, ದೇಹದ ಉಷ್ಣತೆ, ಒಸಡಿನ ಬಣ್ಣ, ನಿರ್ಜಲತೆ ಇವುಗಳನ್ನು ದಾಖಲಿಸಿಕೊಂಡ ಚೀಟಿ ಮುಂದೆ ಮೊಕದ್ದಮೆಗೂ ಆಧಾರವಾಗುತ್ತದೆ. ಆರೋಗ್ಯವಂತ ನಾಯಿಯ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನಮ್ಮ ಮೈಗಿಂತ ಅದರ ಮೈ ಬಿಸಿಯಾಗಿದ್ದ ಮಾತ್ರಕ್ಕೆ ಜ್ವರವೆನ್ನಲಾಗದು. ಹಸಿವಿನಿಂದ ಸೊರಗಿದ ನಾಯಿಯ ಉಷ್ಣತೆ ಇದಕ್ಕಿಂತ ಕಡಿಮೆಯಿರುವುದೇ ಹೆಚ್ಚು. ಅದನ್ನು ಗೋಣಿಚೀಲ, ಕಂಬಳಿಯ ಮೇಲೆ ಗಾಳಿ ಮಳೆ ತಾಗದೆಡೆ ಮಲಗಿಸಿ ಬೆಚ್ಚಗಿಡುವುದು. ಭುಜದ ಮೇಲಿನ ಚರ್ಮವನ್ನು ಎಳೆದು ಬಿಟ್ಟಾಗ ಅದು ತಕ್ಷಣ ಹಿಂದಕ್ಕೆ ಹೋಗದಿದ್ದಲ್ಲಿ ಶರೀರದಲ್ಲಿ ನೀರು ಕಡಿಮೆಯಾಗಿದೆಯೆಂದು ಊಹಿಸಬಹುದು. ತೀರ ಬಡಕಲು ನಾಯಿಯಲ್ಲಿ ಈ ಪರೀಕ್ಷೆ ತಪ್ಪು ಸೂಚನೆ ನೀಡುತ್ತದೆಯಾದ್ದರಿಂದ ಒಸಡು ಒಣಗಿದೆಯೇ ಎಂದೂ ನೋಡಬೇಕು. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡುವುದು.

ಆಹಾರದ ವಿಷಯದಲ್ಲಿ ಕರುಣೆಗಿಂತ ಲೆಕ್ಕ ಮುಖ್ಯ. ದೀರ್ಘ ಉಪವಾಸದಲ್ಲಿ ಶರೀರವು ತನ್ನ ಕೊಬ್ಬು ಮತ್ತು ಮಾಂಸವನ್ನೇ ಉರಿಸಿಕೊಂಡು ಬದುಕಿರುತ್ತದೆ. ಆಗ ಒಮ್ಮೆಲೇ ಅನ್ನ, ಮುದ್ದೆ, ಬಿಸ್ಕತ್ತಿನಂತಹ ಪಿಷ್ಟದ ಆಹಾರ ಸೇರಿದರೆ ಇನ್ಸುಲಿನ್ ಹಠಾತ್ತನೆ ಹೆಚ್ಚಿ, ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಜೀವಕೋಶಗಳೊಳಕ್ಕೆ ಸೆಳೆಯಲ್ಪಡುತ್ತವೆ. ರಕ್ತದಲ್ಲಿ ಇವು ಕುಸಿದಾಗ ಸ್ನಾಯುಗಳು ಸೋಲುತ್ತವೆ, ಕೆಂಪು ರಕ್ತಕಣಗಳು ಒಡೆಯುತ್ತವೆ, ಹೃದಯದ ಬಡಿತ ತಪ್ಪುತ್ತದೆ. ಹೊಟ್ಟೆ ತುಂಬ ಉಂಡು ಬಾಲ ಅಲ್ಲಾಡಿಸಿದ ನಾಯಿ ಎರಡು ಮೂರು ದಿನಗಳಲ್ಲಿ ಸಾಯುವುದಕ್ಕೆ ಇದು ಕಾರಣವಾಗಬಹುದು.

ವಿಶ್ರಾಂತ ಸ್ಥಿತಿಯಲ್ಲಿ ನಾಯಿಗೆ ದಿನವೊಂದಕ್ಕೆ ಬೇಕಾದ ಶಕ್ತಿಯನ್ನು ಹೀಗೆ ಅಂದಾಜಿಸಬಹುದು: ಕಿಲೋಗ್ರಾಂನಲ್ಲಿ ತೂಕವನ್ನು 30ರಿಂದ ಗುಣಿಸಿ 70 ಕೂಡಿಸುವುದು. 10 ಕಿಲೋ ತೂಗುವ ನಾಯಿಗೆ ಇದು 370 ಕಿಲೋಕ್ಯಾಲರಿ. ತೀವ್ರವಾಗಿ ಸೊರಗಿದ ನಾಯಿಗೆ ಮೊದಲ ದಿನ ಇದರ ಮೂರನೆಯ ಒಂದು ಭಾಗ, ಅಂದರೆ ಸುಮಾರು 120 ಕಿಲೋಕ್ಯಾಲರಿ ಸಾಕು. ಒಂದು ಬೇಯಿಸಿದ ಮೊಟ್ಟೆಯಲ್ಲಿ ಸುಮಾರು 70 ಕಿಲೋಕ್ಯಾಲರಿ ಇರುತ್ತದೆ. ಎಂದರೆ ಒಂದು ಮೊಟ್ಟೆ ಮತ್ತು ಮೂಳೆಯಿಲ್ಲದ ಬೇಯಿಸಿದ ಕೋಳಿಮಾಂಸದ ಕೆಲವು ಚೂರುಗಳು ಇಡೀ ದಿನದ ಆಹಾರ. ಅದನ್ನೂ ನಾಲ್ಕರಿಂದ ಆರು ಸಲಕ್ಕೆ ಹಂಚಿ ಕೊಡಬೇಕು. ನಾಯಿ ಬೇಡುವ ಕಣ್ಣಿನಿಂದ ನೋಡುತ್ತದೆ, ಆದರೂ ಹೆಚ್ಚಿಸಬಾರದು. ವಾಂತಿ, ಭೇದಿ, ನಿಶ್ಶಕ್ತಿ ಕಾಣದಿದ್ದಲ್ಲಿ ನಾಲ್ಕೈದು ದಿನಗಳಲ್ಲಿ ಹಂತಹಂತವಾಗಿ ಪೂರ್ಣ ಪ್ರಮಾಣಕ್ಕೆ ತರುವುದು. ಪಶುವೈದ್ಯರು ರಕ್ತ ಪರೀಕ್ಷೆಯ ಮೇರೆಗೆ ಬೇರೆ ಪ್ರಮಾಣ ಸೂಚಿಸಿದಲ್ಲಿ ಅದನ್ನೇ ಅನುಸರಿಸತಕ್ಕದ್ದು. ಅನ್ನ, ರಾಗಿಯನ್ನು ವಾರದ ನಂತರ ನಿಧಾನವಾಗಿ ಸೇರಿಸಬಹುದು. ಹಾಲು ಅನೇಕ ನಾಯಿಗಳಿಗೆ ಭೇದಿ ತರುತ್ತದೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮತ್ತು ಬೇಯಿಸಿದ ಮೂಳೆ ಯಾವಾಗಲೂ ವರ್ಜ್ಯ.

ವಾರಕ್ಕೊಮ್ಮೆ ತೂಕ ಬರೆದಿಡುವುದು. ಮೈತುಂಬಲು ಎರಡು ಮೂರು ತಿಂಗಳು ಹಿಡಿಯುವುದು ಸಹಜ.

ಚರ್ಮ, ಗಾಯ ಮತ್ತು ಹುಳುಗಳು

ಕಜ್ಜಿ ಹಿಡಿದ ನಾಯಿಗೆ ಹಳೆಯ ಇಂಜಿನ್ ಎಣ್ಣೆ, ಸೀಮೆಎಣ್ಣೆ ಬಳಿಯುವ ಪದ್ಧತಿ ಹಲವೆಡೆ ಇದೆ. ಇದು ಚರ್ಮವನ್ನು ಸುಡುತ್ತದೆ. ನಾಯಿ ಮೈ ನೆಕ್ಕಿಕೊಂಡಾಗ ವಿಷವಾಗುತ್ತದೆ. ಕಜ್ಜಿಯು ಕಣ್ಣಿಗೆ ಕಾಣದ ನುಸಿಗಳಿಂದ ಬರುವಂಥದು. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಬಗೆಯ ನುಸಿಯೆಂದು ತಿಳಿಯುತ್ತದೆ, ಔಷಧಿಯೂ ಅದರಂತೆ ನಿರ್ಧಾರವಾಗುತ್ತದೆ. ಒಂದು ಬಗೆಯ ಕಜ್ಜಿ ಮನುಷ್ಯರಿಗೂ ತುರಿಕೆ ತರುವುದರಿಂದ ಕೈಗವಸು ಬಳಸುವುದು.

ಉಣ್ಣೆಗಳನ್ನು ಕಿತ್ತೊಗೆದರೆ ಕೆಲಸ ಮುಗಿಯಲಿಲ್ಲ. ಅವುಗಳಿಂದ ಹರಡುವ ಉಣ್ಣೆ ಜ್ವರದಲ್ಲಿ ಒಸಡು ಬಿಳಿಚುತ್ತದೆ, ಮೂಗಿನಿಂದ ರಕ್ತ ಬರಬಹುದು, ನಾಯಿ ಊಟ ಬಿಡುತ್ತದೆ. ರಕ್ತ ಪರೀಕ್ಷೆಯ ನಂತರ ವೈದ್ಯರು ಕೊಟ್ಟ ಮಾತ್ರೆಯನ್ನು, ಅದು ನಾಲ್ಕು ವಾರಗಳದ್ದಾದರೂ, ಪೂರ್ತಿ ಕೊಡಬೇಕು. ಕೊಕ್ಕೆಹುಳುಗಳೂ ಕರುಳಿನಿಂದ ರಕ್ತ ಹೀರಿ ರಕ್ತಹೀನತೆ ತರುತ್ತವೆ. ಜಂತುಹುಳು ಔಷಧಿಯನ್ನು ಯಾವಾಗ, ಎಷ್ಟು ಎಂಬುದನ್ನು ವೈದ್ಯರೇ ಹೇಳತಕ್ಕದ್ದು.

ಮರಿಯಾಗಿದ್ದಾಗ ಹಾಕಿದ ಪಟ್ಟಿಯನ್ನು ಬದಲಿಸದೆ ಬಿಟ್ಟಲ್ಲಿ ಅದು ಬೆಳೆದ ನಾಯಿಯ ಕುತ್ತಿಗೆಯ ಚರ್ಮದೊಳಗೇ ಹೂತುಹೋಗಿರುತ್ತದೆ. ಅದನ್ನು ಮನೆಯಲ್ಲಿ ಎಳೆದು ತೆಗೆಯಕೂಡದು. ಹುಳು ಬಿದ್ದ ಗಾಯಕ್ಕೂ ಇದೇ ಮಾತು. ಮನುಷ್ಯರ ನೋವಿನ ಮಾತ್ರೆಗಳಾದ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡುವುದು ಅಪಾಯಕರ.

ಮನೆಯಲ್ಲಿ ಬೇರೆ ನಾಯಿಗಳಿದ್ದಲ್ಲಿ ಹೊಸ ನಾಯಿಯನ್ನು ಕನಿಷ್ಠ ಎರಡು ವಾರ ಪ್ರತ್ಯೇಕವಾಗಿಡಬೇಕು. ಪಾರ್ವೊ, ಡಿಸ್ಟೆಂಪರ್ ರೋಗಗಳು ಆ ಅವಧಿಯಲ್ಲಿ ಸಾಮಾನ್ಯವಾಗಿ ಗೋಚರಿಸುತ್ತವೆ. ಲಸಿಕೆ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ನಾಯಿ ಚೇತರಿಸಿಕೊಂಡ ಮೇಲೆ, ವೈದ್ಯರ ಸಲಹೆಯಂತೆ.

ಚಿಕಿತ್ಸೆ, ವೆಚ್ಚ ಮತ್ತು ದತ್ತು

ಸಮೀಪದ ಪಶು ಆಸ್ಪತ್ರೆಯಲ್ಲದೆ, ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ ಮತ್ತು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಗಳ ಆಸ್ಪತ್ರೆಗಳಲ್ಲಿಯೂ ನಾಯಿಗಳಿಗೆ ಚಿಕಿತ್ಸೆ ದೊರೆಯುತ್ತದೆ. ಎಲ್ಲ ರಸೀದಿ, ಔಷಧ ಚೀಟಿ, ತೂಕದ ಪಟ್ಟಿಯನ್ನು ದಿನಾಂಕವಾರು ಜೋಡಿಸಿಡುವುದು. ಕಲಂ 35ರಂತೆ ಮ್ಯಾಜಿಸ್ಟ್ರೇಟರು ನಾಯಿಯನ್ನು ಪ್ರಾಣಿ ಚಿಕಿತ್ಸಾಲಯಕ್ಕೆ ಅಥವಾ ಪಿಂಜರಾಪೋಲಿಗೆ ಕಳುಹಿಸಿದಲ್ಲಿ ಸಾಗಣೆ, ಪೋಷಣೆ ಮತ್ತು ಚಿಕಿತ್ಸೆಯ ವೆಚ್ಚ ಮಾಲೀಕರ ಮೇಲೆ ಬೀಳುತ್ತದೆ. ಖಾಸಗಿಯಾಗಿ ಮಾಡಿದ ಖರ್ಚು ತಾನಾಗಿಯೇ ಮರಳುವುದೆಂದು ಎಣಿಸಬಾರದು. ನಾಯಿ ಮೃತಪಟ್ಟಲ್ಲಿ, ಹೂಳುವ ಮೊದಲು ಪಶುವೈದ್ಯಾಧಿಕಾರಿಯಿಂದ ಮರಣೋತ್ತರ ಪರೀಕ್ಷೆ ಮಾಡಿಸುವುದು. ವರದಿಯಿಲ್ಲದೆ ಮೊಕದ್ದಮೆ ನಿಲ್ಲುವುದು ಕಷ್ಟ.

ಮೊಕದ್ದಮೆ ಬಾಕಿಯಿರುವಾಗ ವಶಪಡಿಸಿಕೊಂಡ ನಾಯಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಬೇರೆಯವರಿಗೆ ಕೊಡುವಂತಿಲ್ಲ. ಇತರ ಸಂದರ್ಭಗಳಲ್ಲಿ ದತ್ತು ಪಡೆಯುವವರ ವಿಳಾಸ ಮತ್ತು ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಸ್ಥಳೀಯ ಸಂಸ್ಥೆಯ ಪರವಾನಗಿ ನಿಯಮವಿದ್ದಲ್ಲಿ ಅದನ್ನು ಪಾಲಿಸುವುದು. ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಅಂತಹ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಹೊಣೆಯೆಂದೂ ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರ ಆದೇಶದಲ್ಲಿ ತಿಳಿಸಿದೆ. ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳ ವಿವರವನ್ನು ಆಯಾ ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಪಡೆಯುವುದು.